ಎಟ್ರಸ್ಕನ್ ಕಂಚಿನ ಗೊಂಬೆ ತಗೊಳ್ಬೇಕಾ? ಮೊದಲು ಕಾಗದ ನೋಡಿ, ಆಮೇಲೆ ಕಂಚು

ನನ್ನ ಮೇಜಿನ ಮೇಲೆ ಒಂಬತ್ತು ಸೆಂಟಿಮೀಟರ್ ಎತ್ತರದ ಒಬ್ಬ ಹರ್ಕ್ಲೆ ನಿಂತಿದಾನೆ. ಗ್ರೀಕರ ಹೆರಾಕ್ಲಿಸ್, ರೋಮನ್ನರ ಹರ್ಕ್ಯುಲಿಸ್, ಅವನೇ ಎಟ್ರಸ್ಕನ್ನರ ಬಾಯಲ್ಲಿ ಹರ್ಕ್ಲೆ. ಬಲಗೈ ಮೇಲೆತ್ತಿದಾನೆ, ಅದರಲ್ಲಿದ್ದ ಗದೆ ಯಾವ ಕಾಲದಲ್ಲೋ ಮುರಿದು ಹೋಗಿದೆ, ಎಡಗೈ ಮೇಲೆ ಸಿಂಹದ ಚರ್ಮ ಟವೆಲ್ ಥರ ಇಳಿಬಿದ್ದಿದೆ, ಮುಖ ಎಷ್ಟು ಸವೆದಿದೆ ಅಂದ್ರೆ ಮೂಗು ಎಲ್ಲಿತ್ತು ಅಂತ ಬೆರಳಲ್ಲಿ ಹುಡುಕ್ಬೇಕು. ಪಾದದ ಕೆಳಗೆ ಮೊಳೆ ಥರ ಒಂದು ತುಂಡು ಉಳ್ಕೊಂಡಿದೆ, ಅದಕ್ಕೆ ಬೂದು ಬಣ್ಣದ ಸೀಸ ಮೆತ್ಕೊಂಡಿದೆ. ಕಲ್ಲಿನ ಪೀಠದಲ್ಲಿ ತೂತು ಕೊರೆದು, ಈ ಮೊಳೆ ಇಳಿಸಿ, ಸೀಸ ಕಾಯಿಸಿ ಹುಯ್ದು ನಿಲ್ಲಿಸ್ತಿದ್ರು. ಪೀಠ ಹೋಯ್ತು, ದೇವಸ್ಥಾನ ಹೋಯ್ತು, ಆ ಭಾಷೆ ಮಾತಾಡೋರೂ ಹೋದ್ರು, ಸೀಸ ಮಾತ್ರ ಹಾಗೇ ಇದೆ.

ಮನೆಗೆ ಬಂದೋರು ಇದನ್ನ ನೋಡಿ ಕೇಳೋದು ಎರಡೇ ಪ್ರಶ್ನೆ, ಇದೆಲ್ಲ ಮ್ಯೂಸಿಯಂನಲ್ಲಿ ಇರ್ಬೇಕಲ್ವಾ ಅಂತ ಒಂದು, ನಾವೂ ತಗೋಬಹುದಾ ಅಂತ ಇನ್ನೊಂದು. ತಗೋಬಹುದು, ಆದ್ರೆ ಬೆಂಗಳೂರಲ್ಲಿ ಸೈಟು ತಗೊಳ್ಳೋವಾಗ ಮದರ್ ಡೀಡ್, ಇಸಿ, ಖಾತೆ ಅಂತ ಹೇಗೆ ಒಂದೊಂದೇ ಕೂತು ನೋಡ್ತೀವೋ ಹಾಗೆ ನೋಡಿ ತಗೋಬೇಕು. ನಾನು ಲಂಡನ್‌ನಲ್ಲಿರೋನು, ಹಾಗಾಗಿ ಇಲ್ಲಿ ಬರೆಯೋದು ಹೆಚ್ಚಾಗಿ ಇಲ್ಲಿನ ಮಾರ್ಕೆಟ್ ಲೆಕ್ಕ, ಊರಲ್ಲಿರೋರಿಗೆ ಬೇಕಾದ್ದನ್ನ ಕೊನೇ ಕಡೆ ಹೇಳ್ತೀನಿ.

ಇವು ಏನು ಅಂತ ಮೊದಲು ತಿಳ್ಕೊಳ್ಳಿ

ಎಟ್ರಸ್ಕನ್ನರು ಇಟಲಿಯಲ್ಲಿ ರೋಮ್ ದೊಡ್ಡದಾಗೋಕ್ಕಿಂತ ಮುಂಚೆ ಇದ್ದೋರು. ಈಗಿನ ಟಸ್ಕನಿ, ಉಂಬ್ರಿಯಾದ ಪಶ್ಚಿಮ ಭಾಗ, ಲಾಜಿಯೋದ ಉತ್ತರ ಭಾಗ, ಇಷ್ಟು ಅವರ ಸೀಮೆ. ಕ್ರಿ.ಪೂ. 8ನೇ ಶತಮಾನದಿಂದ ಅವರ ಊರುಗಳು ಬೆಳೆದ್ವು, ಕ್ರಿ.ಪೂ. 1ನೇ ಶತಮಾನ ಬರೋಷ್ಟರಲ್ಲಿ ಪೂರ್ತಿ ರೋಮ್ ಒಳಗೆ ಕರಗಿ ಹೋದ್ರು. ಮಾರ್ಕೆಟ್ಟಲ್ಲಿ ಸಿಗೋ ಸಣ್ಣ ಗೊಂಬೆಗಳು ಬಹುಪಾಲು ಕ್ರಿ.ಪೂ. 6ರಿಂದ 2ನೇ ಶತಮಾನದ ಒಳಗಿನವು, ಮತ್ತೆ ಹೆಚ್ಚುಕಮ್ಮಿ ಎಲ್ಲಾ ಹರಕೆ ಗೊಂಬೆಗಳು.

ಹರಕೆ ಅಂದ ತಕ್ಷಣ ನಮ್ಮೋರಿಗೆ ಬಿಡಿಸಿ ಹೇಳೋದೇ ಬೇಡ. ಕುಕ್ಕೆಯಲ್ಲಿ ಬೆಳ್ಳಿ ನಾಗರ ಹೆಡೆ ಒಪ್ಪಿಸೋದು, ಕಣ್ಣು ನೋವಿಗೆ ಬೆಳ್ಳಿ ಕಣ್ಣು, ಕಾಲು ನೋವಿಗೆ ಬೆಳ್ಳಿ ಕಾಲು ಹಾಕೋದು, ಅದೇ ಕಥೆ. ಸಿಯೆನಾ ಜಿಲ್ಲೆಯ ಸಾನ್ ಕಶ್ಯಾನೋ ದೇಯ್ ಬಾಞಿ ಅನ್ನೋ ಊರಲ್ಲಿ ಬಿಸಿನೀರಿನ ಬುಗ್ಗೆಯ ಕೆಸರಲ್ಲಿ 20ಕ್ಕೂ ಹೆಚ್ಚು ಕಂಚಿನ ಮೂರ್ತಿ ಸಿಕ್ಕಿದ ಸುದ್ದಿ 2022ರ ನವೆಂಬರ್‌ನಲ್ಲಿ ಬಂತಲ್ಲ, ಅಲ್ಲೂ ದೇವರ ಮೂರ್ತಿ, ಭಕ್ತರ ಮೂರ್ತಿ ಜೊತೆಗೆ ಕಂಚಿನ ಕಿವಿ, ಕಾಲು ಎಲ್ಲಾ ಇದ್ವು. ವಾಸಿಯಾದ್ರೆ ಕೊಡ್ತೀನಿ ಅಂತ ಹೇಳ್ಕೊಂಡೋರ ಕಿವಿ ಕಾಲು ಅವು.

ಇನ್ನೊಂದು ಜಾಗ ನೀವು ನೆನಪಿಟ್ಕೊಳ್ಳಲೇ ಬೇಕು, ಮೋಂಟೆ ಫಾಲ್ತೆರೋನಾ ಬೆಟ್ಟದ ಮೇಲಿನ ಒಂದು ಸಣ್ಣ ಕೆರೆ. 1838ರಲ್ಲಿ ಕುರಿ ಮೇಯಿಸ್ತಿದ್ದ ಒಬ್ಬ ಹುಡುಗಿಗೆ ಅದರ ದಂಡೇಲಿ ಒಂದು ಹರ್ಕ್ಲೆ ಗೊಂಬೆ ಸಿಕ್ತು. ಊರೋರು ಸೇರಿ ಕೆರೆ ನೀರನ್ನೇ ಖಾಲಿ ಮಾಡಿಸಿ ನೋಡಿದ್ರೆ 600ಕ್ಕೂ ಹೆಚ್ಚು ಕಂಚಿನ ಗೊಂಬೆಗಳು, ಅದಕ್ಕೇ ಆ ಕೆರೆಗೆ ಲಾಗೋ ದೆಲ್ಯಿ ಇದೋಲಿ, ಅಂದ್ರೆ ವಿಗ್ರಹಗಳ ಕೆರೆ ಅಂತ ಹೆಸರು. ಅವೆಲ್ಲ ಒಂದೇ ಕಡೆ ಉಳೀಲಿಲ್ಲ, ಮಾರಾಟ ಆಗಿ ದಿಕ್ಕಾಪಾಲಾದ್ವು, ಕೆಲವು ಬ್ರಿಟಿಷ್ ಮ್ಯೂಸಿಯಂಗೆ, ಕೆಲವು ಲೂವ್ರ್‌ಗೆ. ಇದನ್ನ ಯಾಕೆ ಹೇಳ್ದೆ ಅಂದ್ರೆ, 19ನೇ ಶತಮಾನದಲ್ಲಿ ಹೀಗೆ ಕಾನೂನು ಬರೋಕ್ಕಿಂತ ಮುಂಚೆ ಯುರೋಪಿನ ಶ್ರೀಮಂತರ ಮನೆಗಳಿಗೆ ಸೇರಿಹೋದ ಗೊಂಬೆಗಳು ಇದಾವೆ ಅನ್ನೋದ್ರಿಂದಲೇ ನಮ್ಮಂಥೋರು ಇವತ್ತು ಒಂದನ್ನ ಮರ್ಯಾದೆಯಾಗಿ ಕೊಳ್ಳೋಕೆ ದಾರಿ ಇರೋದು.

ಮೊದಲ ಆರು ತಿಂಗಳು ಏನೂ ಕೊಳ್ಳಬೇಡಿ

ಬರೀ ನೋಡಿ. ಲಂಡನ್‌ನಲ್ಲಿದ್ರೆ ಬ್ರಿಟಿಷ್ ಮ್ಯೂಸಿಯಂನ 71ನೇ ರೂಮು, ಟಿಕೆಟ್ಟಿಗೆ ದುಡ್ಡು ಕೊಡ್ಬೇಕಾಗಿಲ್ಲ. ಇಟಲಿಗೆ ಹೋದ್ರೆ ಫ್ಲಾರೆನ್ಸ್‌ನ ಆರ್ಕಿಯಾಲಜಿ ಮ್ಯೂಸಿಯಂ, ರೋಮ್‌ನ ವಿಲ್ಲಾ ಜೂಲಿಯಾ ಮ್ಯೂಸಿಯಂ, ಕೊರ್ತೋನಾ, ವೊಲ್ತೆರ್ರಾ ಊರುಗಳ ಮ್ಯೂಸಿಯಂ. ಫ್ಲಾರೆನ್ಸ್‌ನಲ್ಲಿ ಅರೆತ್ಸೋದ ಕಿಮೇರಾ ಇದೆ, 1553ರಲ್ಲಿ ಸಿಕ್ಕಿದ್ದು, ಸಿಂಹದ ಮೈ, ಬೆನ್ನ ಮೇಲೆ ಆಡಿನ ತಲೆ, ಅದರ ಮುಂಗಾಲಲ್ಲಿ ಒಂದೇ ಒಂದು ಪದ ಕೊರೆದಿದಾರೆ, ಅಷ್ಟು ದೊಡ್ಡ ಮೂರ್ತೀನೂ ಕೊನೆಗೆ ಎಟ್ರಸ್ಕನ್ನರ ದೊಡ್ಡ ದೇವರು ತಿನಿಯಾಗೆ ಒಪ್ಪಿಸಿದ್ದು ಅಂತ ಆ ಒಂದು ಪದದಿಂದಲೇ ಗೊತ್ತಾಗೋದು. ವೊಲ್ತೆರ್ರಾದಲ್ಲಿ 'ಸಂಜೆಯ ನೆರಳು' ಅಂತ ಕರೆಯೋ ಹುಡುಗನ ಗೊಂಬೆ ಇದೆ, 57 ಸೆಂಟಿಮೀಟರ್ ಚಿಲ್ಲರೆ ಎತ್ತರ, ಅಗರಬತ್ತಿ ಥರ ಸಪೂರ, ಸಂಜೆ ಹೊತ್ತು ನೆಲದ ಮೇಲೆ ಉದ್ದಕ್ಕೆ ಬೀಳೋ ನೆರಳು ಹೇಗಿರತ್ತೋ ಹಾಗೆ. ಅದರ ನಕಲು ಆ ಊರಿನ ಅಂಗಡಿ ಅಂಗಡೀಲೂ ಸಿಗತ್ತೆ, ಅಂಥದ್ದೇ ಒಂದಕ್ಕೆ ಹಸಿರು ಬಣ್ಣ ಬಳಿದು ಆನ್‌ಲೈನ್‌ನಲ್ಲಿ ಪುರಾತನ ಅಂತ ಹಾಕಿರೋದನ್ನೂ ನಾನು ನೋಡಿದೀನಿ, ಹುಷಾರು.

ನೋಡೋವಾಗ ಮುಖಕ್ಕಿಂತ ಬಟ್ಟೆ, ಚಪ್ಪಲಿ, ಕೈ ನೋಡಿ, ಕಾಲ ಗೊತ್ತಾಗೋದು ಅಲ್ಲಿ. ಮೂತಿ ಮೇಲಕ್ಕೆ ಬಾಗಿದ ಚೂಪು ಬೂಟು, ಬಿಗಿಯಾದ ಉದ್ದ ಅಂಗಿ, ತುಟಿ ಅಂಚಲ್ಲಿ ಒಂದು ನಗು ಇದ್ರೆ ಕ್ರಿ.ಪೂ. 6ನೇ ಶತಮಾನದ ಕಡೆಗೆ ಯೋಚ್ನೆ ಮಾಡ್ಬಹುದು. ತಲೆ ಮೇಲೆ ಎಲೆಗಳ ದಪ್ಪ ಕಿರೀಟ, ಹೆಗಲಿಂದ ಇಳಿಬಿಟ್ಟ ಮೇಲುವಸ್ತ್ರ, ಕೈಯಲ್ಲಿ ತರ್ಪಣದ ತಟ್ಟೆ ಹಿಡಿದ ಭಕ್ತ ಆದ್ರೆ ತೀರಾ ಈಚೆಗಿನದು, ಕ್ರಿ.ಪೂ. 3, 2ನೇ ಶತಮಾನ.

ಮೊದಲ ಸಲಕ್ಕೆ ನನ್ನ ಸಲಹೆ ಉಂಬ್ರಿಯಾ ಕಡೆಯ ಪುಟಾಣಿ ಗೊಂಬೆಗಳು. ಇವನ್ನ ಮಾಡಿದೋರು ಕಟ್ಟುನಿಟ್ಟಾಗಿ ಎಟ್ರಸ್ಕನ್ನರಲ್ಲ, ಅವರ ನೆರೆಯೋರು, ಆದ್ರೆ ಹರಾಜಲ್ಲಿ ಎರಡೂ ಒಟ್ಟಿಗೇ ಬರತ್ತೆ. ಮೂರ್ನಾಲ್ಕು ಸೆಂಟಿಮೀಟರ್, ಚಪ್ಪಟೆ ಮೈ, ಕಡ್ಡಿ ಥರ ಕೈ ಚಾಚಿರತ್ತೆ, ಕಣ್ಣು ಅಂದ್ರೆ ಬರೀ ಒಂದು ವೃತ್ತ, ನೋಡಿದ್ರೆ ಮಕ್ಕಳು ಬರೆದ ಚಿತ್ರದ ಹಾಗೆ. ಇವು ಕೆಲವು ನೂರು ಪೌಂಡಿಗೆ ಸಿಗತ್ತೆ. ಚೆನ್ನಾಗಿರೋ ಹರ್ಕ್ಲೆ, ಯೋಧ, ಮೆನೆರ್ವಾ ದೇವಿ ಅಂದ್ರೆ ಸಾವಿರಗಳ ಲೆಕ್ಕ, ಅಪರೂಪದ್ದಾದ್ರೆ ಲೆಕ್ಕ ಕೇಳ್ಬೇಡಿ. ತಲೆ ಮುರಿದಿದ್ದು, ಕೈ ಇಲ್ಲದ್ದು ಅಂತ ಮೂಗು ಮುರೀಬೇಡಿ, ಕಾಗದ ಗಟ್ಟಿ ಇರೋ ಕುಂಟ ಗೊಂಬೆ ಕಾಗದ ಇಲ್ಲದ ಚೆಲುವನಿಗಿಂತ ಎಷ್ಟೋ ಮೇಲು.

ಈಗ ಕಾಗದದ ವಿಷಯ, ಇದೇ ದೊಡ್ಡದು

ಈ ಲೋಕದಲ್ಲಿ ಎಲ್ಲರ ಬಾಯಲ್ಲಿ ಓಡಾಡೋ ಪದ ಪ್ರಾವನೆನ್ಸ್. ಅಂದ್ರೆ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋ ಪೂರ್ತಿ ಸರಪಳಿ. ಎರಡು ಇಸವಿ ತಲೇಲಿ ಇಟ್ಕೊಳ್ಳಿ. ಒಂದು 1909. ಆ ವರ್ಷದ ಇಟಲಿ ಕಾನೂನಿನ ಪ್ರಕಾರ ಮಣ್ಣಿನಿಂದ ತೆಗೆದ ಪುರಾತನ ವಸ್ತು ಸರ್ಕಾರದ್ದು, ನಿಮ್ಮ ಹೊಲದಲ್ಲೇ ಸಿಕ್ರೂ ನಿಮ್ಮದಲ್ಲ. ಇನ್ನೊಂದು 1970, ಪುರಾತನ ವಸ್ತುಗಳ ಕಳ್ಳಸಾಗಣೆ ತಡೆಯೋಕೆ ಆದ ಯುನೆಸ್ಕೋ ಒಪ್ಪಂದದ ವರ್ಷ. ಮ್ಯೂಸಿಯಂಗಳು, ದೊಡ್ಡ ಹರಾಜು ಮನೆಗಳು 1970ಕ್ಕಿಂತ ಮುಂಚೆ ಇಟಲಿಯಿಂದ ಹೊರಗೆ ಬಂದಿತ್ತು ಅನ್ನೋ ದಾಖಲೆ ಕೇಳೋದು ರೂಢಿ. ಆದ್ರೆ 1970 ಬರೀ ರೂಢಿಯ ಗೆರೆ, ಕಾನೂನಿನ ಪ್ರಶ್ನೆ ಬಂದ್ರೆ ಇಟಲಿಯೋರು ಹಿಡಿಯೋದು 1909ನ್ನ, ಹಾಗಾಗಿ ಎಷ್ಟು ಹಿಂದಕ್ಕೆ ಹೋಗಕ್ಕಾಗತ್ತೋ ಅಷ್ಟೂ ಹೋಗಿ.

ಯಾಕೆ ಇಷ್ಟು ತಲೆಬಿಸಿ ಅಂದ್ರೆ ತೊಂಬರೋಲಿ. ಇಟಲೀಲಿ ಸಮಾಧಿ ಕದಿಯೋರಿಗೆ ಇರೋ ಹೆಸರು ಅದು. ಅವರು ರಾತ್ರೋರಾತ್ರಿ ತೋಡಿ ತೆಗೆದದ್ದು ದಲ್ಲಾಳಿಗಳ ಮೂಲಕ ಸ್ವಿಟ್ಜರ್ಲೆಂಡ್‌ಗೆ ಹೋಗಿ, ಅಲ್ಲಿ ಸ್ನಾನ ಮಾಡ್ಕೊಂಡು ಹೊಸ ಜಾತಕ ಬರೆಸ್ಕೊಂಡು ಹೊರಗೆ ಬರ್ತಿತ್ತು. 1995ರಲ್ಲಿ ಜಿನೀವಾ ಫ್ರೀಪೋರ್ಟ್‌ನಲ್ಲಿ, ಅಂದ್ರೆ ಸುಂಕ ಕಟ್ಟದೆ ಸಾಮಾನು ಇಡೋ ಜಾಗದಲ್ಲಿ, ಜಾಕೋಮೋ ಮೆದಿಚಿ ಅನ್ನೋ ವ್ಯಾಪಾರಿಯ ಗೋಡೌನ್ ಮೇಲೆ ರೇಡ್ ಆದಾಗ ಸಾವಿರಾರು ಪೋಲರಾಯ್ಡ್ ಫೋಟೋ ಸಿಕ್ತು, ಮೈಗೆಲ್ಲ ಮಣ್ಣು ಮೆತ್ಕೊಂಡಿರೋ ಸಾಮಾನುಗಳ ಫೋಟೋ. ತೆಗೆದ ಕೂಡ್ಲೆ ಪ್ರಿಂಟ್ ಕೊಡೋ ಈ ಪೋಲರಾಯ್ಡ್ ಕ್ಯಾಮೆರಾ ಬಂದಿದ್ದೇ 1909 ಆಗಿ ಎಷ್ಟೋ ವರ್ಷದ ಮೇಲೆ, 'ನಮ್ಮ ಅಜ್ಜನ ಕಾಲದ್ದು' ಅನ್ನೋ ಸುಳ್ಳು ಅಲ್ಲೇ ಬಿದ್ದೋಗತ್ತೆ. ಮೆದಿಚಿಗೆ 2004ರಲ್ಲಿ ಶಿಕ್ಷೆ ಆಯ್ತು, ಆ ಫೋಟೋ ಹಿಡ್ಕೊಂಡು ಹುಡುಕಿ ಹುಡುಕಿ ಎಷ್ಟೋ ಸಾಮಾನನ್ನ ದೊಡ್ಡ ದೊಡ್ಡ ಮ್ಯೂಸಿಯಂಗಳಿಂದಲೇ ವಾಪಸ್ ತರಿಸ್ಕೊಂಡ್ರು. ಮ್ಯೂಸಿಯಂಗೇ ಹೀಗಾದ್ರೆ ನೀವು ನಾವು ಯಾವ ಲೆಕ್ಕ, ಪೊಲೀಸರು ಬಂದು ಕೇಳಿದ್ರೆ ಗೊಂಬೇನೂ ಹೋಯ್ತು, ದುಡ್ಡೂ ಹೋಯ್ತು.

ಮಾರೋರಿಗೆ ಈ ಥರ ಮೇಲ್ ಹಾಕಿ, ಫೋನಲ್ಲಿ ಬೇಡ, ಬರವಣಿಗೇಲಿ ಇರ್ಲಿ: ನಿಮಗೆ ಇದನ್ನ ಮಾರಿದ್ದು ಯಾರು, ಯಾವ ವರ್ಷ, ಬಿಲ್ ಇದೆಯಾ, ಅದಕ್ಕೆ ಮುಂಚೆ ಯಾರ ಹತ್ರ ಇತ್ತು, ಹಳೇ ಫೋಟೋ ಇದೆಯಾ, ಹಳೇ ಹರಾಜಿನ ಕ್ಯಾಟಲಾಗ್‌ನಲ್ಲಿ ಬಂದಿದ್ರೆ ತಾರೀಖು ಮತ್ತೆ ಲಾಟ್ ನಂಬರ್, ಅಂದ್ರೆ ಹರಾಜಲ್ಲಿ ಅದಕ್ಕೆ ಕೊಟ್ಟ ನಂಬರ್, ಏನು. ಉತ್ತರದಲ್ಲಿ 'ಸ್ವಿಸ್ ಖಾಸಗಿ ಸಂಗ್ರಹ, 1960ರ ದಶಕ' ಅಂತ ಬರೀ ಒಂದು ಸಾಲು ಬಂತು ಅಂದ್ರೆ ಅದು ಕಾಗದ ಅಲ್ಲ, ಗಾಳಿ. ಲಾಟ್ ನಂಬರ್ ಕೊಟ್ರೆ ನಂಬಿ ಸುಮ್ನಾಗ್ಬೇಡಿ, ಆ ಕ್ಯಾಟಲಾಗನ್ನ ಲೈಬ್ರರೀಲೋ ಆನ್‌ಲೈನ್‌ನಲ್ಲೋ ಹುಡುಕಿ ತೆಗೆದು, ಫೋಟೋ ಇದ್ರೆ ಪಕ್ಕದಲ್ಲಿಟ್ಟು ನೋಡಿ, ಇಲ್ದಿದ್ರೆ ಅಳತೆ ನೋಡಿ. ನಾನೊಂದ್ಸಲ ಹೀಗೆ ನೋಡಿದಾಗ ಕ್ಯಾಟಲಾಗ್‌ನಲ್ಲಿ ಇದ್ದ ಗೊಂಬೆ 11 ಸೆಂಟಿಮೀಟರ್, ನನಗೆ ತೋರಿಸ್ತಿದ್ದಿದ್ದು 8. ಬೇರೆ ಯಾರದ್ದೋ ಖಾತೆ ತಂದು ಬೇರೆ ಸೈಟಿಗೆ ಅಂಟಿಸಿದ್ರು. ಕೇಳಿದ್ದಕ್ಕೆ ಮಾರೋನು ಮತ್ತೆ ಮೇಲ್ ಮಾಡಲೇ ಇಲ್ಲ.

ಆಮೇಲೆ ಕಳವು ಪಟ್ಟಿ. ಇಟಲಿಯ ಕರಾಬಿನಿಯೇರಿ ಪೊಲೀಸರಲ್ಲಿ ಕಲಾವಸ್ತುಗಳಿಗಂತಲೇ ಒಂದು ಪಡೆ 1969ರಿಂದ ಇದೆ, ಅವರು ಕದ್ದ ಸಾಮಾನಿನ ಡೇಟಾಬೇಸ್ ಇಟ್ಟಿದಾರೆ. ಇಂಟರ್‌ಪೋಲ್‌ನ ಐಡಿ-ಆರ್ಟ್ ಆ್ಯಪ್ ಫ್ರೀ, ಫೋನಲ್ಲಿ ಫೋಟೋ ಹಾಕಿ ಹುಡುಕ್ಬಹುದು. ಆರ್ಟ್ ಲಾಸ್ ರಿಜಿಸ್ಟರ್‌ನೋರು ದುಡ್ಡು ತಗೊಂಡು ಹುಡುಕಿ ಸರ್ಟಿಫಿಕೇಟ್ ಕೊಡ್ತಾರೆ. ಒಂದು ಮಾತು, ಈ ಯಾವ ಪಟ್ಟೀಲೂ ಹೆಸರಿಲ್ಲ ಅಂದ ಮಾತ್ರಕ್ಕೆ ಸಾಚಾ ಅಲ್ಲ, ಮಣ್ಣಿಂದ ನೇರವಾಗಿ ಕದ್ದಿದ್ದನ್ನ ಯಾರೂ ನೋಡೇ ಇರಲ್ಲ, ಇನ್ನು ಪಟ್ಟೀಗೆ ಸೇರಿಸೋದು ಎಲ್ಲಿಂದ. ಅದಕ್ಕೇ ಮತ್ತೆ ಮತ್ತೆ ಹೇಳೋದು, ಸರಪಳಿ ಬೇಕು.

ಕಂಚನ್ನ ಕೈಗೆ ತಗೊಂಡಾಗ

ನಾನು ಮೊದಲು ಮೋಸ ಹೋಗಿದ್ದು ಇಲ್ಲೇ. ಒಂದು ಆನ್‌ಲೈನ್ ಹರಾಜಲ್ಲಿ ಒಬ್ಬ ಯೋಧನ ಗೊಂಬೆ, ತಲೆ ಮೇಲೆ ದೊಡ್ಡ ತುರಾಯಿ, ಜೊತೆಗೆ ಸೀಲ್ ಹೊಡೆದ ಥರ್ಮೋಲ್ಯೂಮಿನೆಸೆನ್ಸ್ ಟೆಸ್ಟಿನ ಸರ್ಟಿಫಿಕೇಟ್, 2500 ವರ್ಷ ಹಳೇದು ಅಂತ. ವಿಜ್ಞಾನ ಹೇಳ್ತಿದೆ ಅಂದ್ಕೊಂಡು ಖುಷಿಯಾಗಿ ತಗೊಂಡೆ. ಆಮೇಲೆ ಗೊತ್ತಾಯ್ತು, ಆ ಟೆಸ್ಟ್ ನಡೆಯೋದು ಸುಟ್ಟ ಮಣ್ಣಿನ ಮೇಲೆ, ಲೋಹದ ಮೇಲೆ ಅಲ್ಲ. ದೊಡ್ಡ ಮೂರ್ತಿ ಆದ್ರೆ ಎರಕ ಹುಯ್ಯೋವಾಗ ಒಳಗೆ ಮಣ್ಣಿನ ತಿರುಳು ಇಟ್ಟಿರ್ತಾರೆ, ಅದರ ಚೂರು ತೆಗೆದು ಟೆಸ್ಟ್ ಮಾಡ್ಬಹುದು. ಈ ಸಣ್ಣ ಗೊಂಬೆಗಳೋ ಗಟ್ಟಿ ಎರಕ, ಮೇಣದಲ್ಲಿ ಗೊಂಬೆ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಜಾಗಕ್ಕೆ ಕಂಚು ಹುಯ್ಯೋದು, ನಮ್ಮ ಪಂಚಲೋಹದ ವಿಗ್ರಹ ಮಾಡೋರು ಮಾಡೋ ಹಾಗೇನೇ. ಒಳಗೆ ಮಣ್ಣೇ ಇಲ್ಲ ಅಂದ್ಮೇಲೆ ಟೆಸ್ಟ್ ಮಾಡಿದ್ದು ಯಾವುದನ್ನ?

ಈ ಮಣ್ಣಿನ ತಿರುಳಿನ ಮಹಿಮೆ ನೋಡ್ಬೇಕು ಅಂದ್ರೆ ರೋಮ್‌ನ ಕ್ಯಾಪಿಟೋಲಿನ್ ತೋಳ ಅನ್ನೋ ದೊಡ್ಡ ಕಂಚಿನ ಮೂರ್ತಿ ನೋಡಿ. ಕ್ರಿ.ಪೂ. 5ನೇ ಶತಮಾನದ ಎಟ್ರಸ್ಕನ್ ಕೆಲಸ ಅಂತ ಪಠ್ಯಪುಸ್ತಕದಲ್ಲೆಲ್ಲ ಇತ್ತು. 1997ರಲ್ಲಿ ರಿಪೇರಿಗೆ ತಗೊಂಡ ಆನ್ನಾ ಮರಿಯಾ ಕರ್ರೂಬಾ ಅನ್ನೋರು ಇದನ್ನ ಇಡಿಯಾಗಿ ಒಂದೇ ಎರಕದಲ್ಲಿ ಹುಯ್ದಿದಾರೆ, ಹಳೇ ಕಾಲದೋರು ದೊಡ್ಡ ಮೂರ್ತಿ ಹೀಗೆ ಮಾಡ್ತಿರ್ಲಿಲ್ಲ, ತುಂಡು ತುಂಡಾಗಿ ಮಾಡಿ ಜೋಡಿಸ್ತಿದ್ರು ಅಂದ್ರು. ಆಮೇಲೆ ತಿರುಳನ್ನ ಟೆಸ್ಟ್ ಮಾಡಿದಾಗ ಬಂದಿದ್ದು ಕ್ರಿ.ಶ. 11, 12ನೇ ಶತಮಾನ. ಪರಿಣತರು ನೂರಾರು ವರ್ಷ ದಿನಾ ನೋಡಿದ ಮೂರ್ತಿ ಅದು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂದಂತೂ ಇನ್ನೂ ಮಜಾ, ಮೂರು ದೊಡ್ಡ ಮಣ್ಣಿನ ಎಟ್ರಸ್ಕನ್ ಯೋಧರನ್ನ 1933ರಿಂದ ಪ್ರದರ್ಶನಕ್ಕಿಟ್ಟಿದ್ರು, ಕೊನೆಗೆ 1961ರಲ್ಲಿ ಆಲ್ಫ್ರೆದೋ ಫಿಯೋರವಾಂತಿ ಅನ್ನೋನು ಬಂದು ಇದನ್ನ ಮಾಡಿದೋರಲ್ಲಿ ನಾನೂ ಒಬ್ಬ ಅಂದ, ಸಾಕ್ಷಿಗೆ ತನ್ನ ಹತ್ರ ಇಟ್ಕೊಂಡಿದ್ದ ಹೆಬ್ಬೆರಳು ತೋರಿಸಿದ, ಅದು ಮೂರ್ತಿಯ ಕೈಗೆ ಸರಿಯಾಗಿ ಕೂತ್ಕೊಂಡ್ತು.

ಸರಿ, ನೀವೇ ಮಾಡ್ಬಹುದಾದ ಪರೀಕ್ಷೆ ಹೇಳ್ತೀನಿ. ಹತ್ತು ಪಟ್ಟು ದೊಡ್ಡದು ಮಾಡೋ ಭೂತಗನ್ನಡಿ ತಗೊಳ್ಳಿ. ಕಿಲುಬು ನೋಡಿ ಮೊದಲು. ನಿಜವಾದ ಕಿಲುಬು ಪದರ ಪದರ ಇರತ್ತೆ, ಮೇಲೆ ಹಸಿರು, ಎಲ್ಲಾದ್ರೂ ಸವೆದಿದ್ರೆ ಅದರ ಕೆಳಗೆ ಕಾವಿ ಬಣ್ಣದ ಕೆಂಪು, ಅದರ ಕೆಳಗೆ ಲೋಹ. ಅದು ಲೋಹದ ಒಳಗಿಂದಲೇ ಬೆಳೆದ ಚರ್ಮ. ಸುಳ್ಳು ಕಿಲುಬು ಬಣ್ಣದ ಹಾಗೆ ಮೇಲೆ ಕೂತಿರತ್ತೆ, ಸಂದಿಯಲ್ಲಿ ಜಾಸ್ತಿ, ಉಬ್ಬಿದ ಕಡೆ ಕಮ್ಮಿ, ಕೆಳಗೆ ಸೀದಾ ಹಳದಿ ಲೋಹ. ಮಾರೋರು ಒಪ್ಪಿದ್ರೆ ಹತ್ತಿಗೆ ಒಂದು ಹನಿ ಅಸಿಟೋನ್ ಹಾಕಿ ಕಾಣದ ಜಾಗದಲ್ಲಿ ಒರೆಸಿ, ಹಸಿರು ಹತ್ತಿಗೆ ಬಂತು ಅಂದ್ರೆ ಗೊಂಬೆ ಕೆಳಗಿಟ್ಟು ಎದ್ದು ಬನ್ನಿ. ನನ್ನ ಯೋಧನ ತುರಾಯಿ ಹೀಗೆ ಒರೆಸಿದಾಗ ಹತ್ತಿ ಗಿಣಿ ಬಣ್ಣ ಆಯ್ತು, ಮನಸ್ಸು ಏನಾಯ್ತು ಅಂತ ಹೇಳಲ್ಲ.

ಆಮೇಲೆ ಪಕ್ಕೆಗಳಲ್ಲಿ ಅಚ್ಚಿನ ಗೆರೆ ಇದೆಯಾ ನೋಡಿ, ಮೇಣದ ಎರಕದಲ್ಲಿ ಎರಡು ಅರ್ಧ ಜೋಡಿಸಿದ ಹಾಗೆ ನೇರ ಗೆರೆ ಇರಬಾರದು. ಪಾದದ ಕೆಳಗಿನ ಮೊಳೆ, ಸೀಸ ಇದ್ರೆ ಒಳ್ಳೇದು, ಇಲ್ಲ ಅಂದ್ರೆ ಎಲ್ಲಿ ಮುರಿದಿದೆ, ಆ ಮುರುಕಿನ ಮೇಲೂ ಅದೇ ಕಿಲುಬು ಇದೆಯಾ ಅಂತ ನೋಡಿ. ಎಕ್ಸ್‌ಆರ್‌ಎಫ್ ಅಂತ ಒಂದು ಗನ್ ಥರದ ಮೆಷಿನ್ ಇದೆ, ಲೋಹದಲ್ಲಿ ಏನೇನಿದೆ ಹೇಳತ್ತೆ. ತಾಮ್ರ, ತವರ, ಸೀಸ ಬಂದ್ರೆ ಸರಿ, ಸತು ಜಾಸ್ತಿ ಬಂತು ಅಂದ್ರೆ ಅದು ಹಿತ್ತಾಳೆ, ಎಟ್ರಸ್ಕನ್ ಗೊಂಬೆಗೆ ಅದು ಒಳ್ಳೇ ಲಕ್ಷಣ ಅಲ್ಲ. ಆ ಮೆಷಿನ್ ಮೇಲ್ಮೈ ಮಾತ್ರ ಓದತ್ತೆ, ಕಿಲುಬು ಲೆಕ್ಕ ತಪ್ಪಿಸತ್ತೆ, ಹಾಗಾಗಿ ಅದೊಂದನ್ನೇ ನಂಬ್ಕೊಂಡು ತೀರ್ಮಾನ ಮಾಡೋ ಹಾಗಿಲ್ಲ. ಕೊನೇದಾಗಿ ಅದೇ ಗೊಂಬೆಯ ಅವಳಿ ಎಲ್ಲಾದ್ರೂ ಇದೆಯಾ ಹುಡುಕಿ. ಮೇಣದ ಗೊಂಬೆ ಒಂದೊಂದನ್ನೂ ಕೈಯಲ್ಲೇ ಮಾಡಿದ್ರೆ ಎರಡು ತದ್ರೂಪ ಬರೋದು ಕಷ್ಟ, ಅದೇ ಗಾಯ ಅದೇ ಜಾಗದಲ್ಲಿ ಇರೋ ಎರಡು ಕಂಡ್ರೆ ಎರಡೂ ಬೇಡ.

ದುಡ್ಡು ಕೊಡೋ ಹೊತ್ತು

ಹರಾಜಲ್ಲಿ ಸುತ್ತಿಗೆ ಬಿದ್ದ ಬೆಲೆಯೇ ಕೊನೇ ಬೆಲೆ ಅಂದ್ಕೋಬೇಡಿ, ಮೇಲೆ ಬಯರ್ಸ್ ಪ್ರೀಮಿಯಂ, ಅಂದ್ರೆ ಕೊಂಡೋರಿಂದ ಹರಾಜು ಮನೆಯೋರು ತಗೊಳ್ಳೋ ಕಮಿಷನ್ ಅಂತ ನೂರಕ್ಕೆ 25ರ ಆಸುಪಾಸು, ಕೆಲವು ಕಡೆ ಇನ್ನೂ ಜಾಸ್ತಿ, ಅದರ ಮೇಲೆ ಟ್ಯಾಕ್ಸು, ಪ್ಯಾಕಿಂಗು, ಇನ್ಶೂರೆನ್ಸು. ನಿಮ್ಮ ಮಿತಿ ಚೀಟಿ ಮೇಲೆ ಬರ್ಕೊಂಡು ಕೂತ್ಕೊಳ್ಳಿ. ಬಿಲ್ಲಲ್ಲಿ ಬರೀ 'ಕಂಚಿನ ಗೊಂಬೆ' ಅಂತ ಬರೆಸ್ಕೋಬೇಡಿ, ಎಟ್ರಸ್ಕನ್, ಯಾವ ಶತಮಾನ, ಎತ್ತರ, ಪ್ರಾವನೆನ್ಸ್ ಎಲ್ಲಾ ಇರ್ಲಿ, ನಕಲಿ ಅಂತ ಆದ್ರೆ ದುಡ್ಡು ವಾಪಸ್ ಅನ್ನೋ ಸಾಲೂ ಇರ್ಲಿ. ನನ್ನ ಯೋಧನ ಬಿಲ್ಲಲ್ಲಿ ಆ ಸಾಲು ಇರ್ಲಿಲ್ಲ.

ಇಟಲೀಲಿ ರಜಕ್ಕೆ ಹೋದಾಗ ಸಂತೇಲೋ ಹಳ್ಳಿಯೋರ ಹತ್ರಾನೋ ಕೊಳ್ಳೋ ಯೋಚ್ನೇನೇ ಬೇಡ, ಅಲ್ಲಿಂದ ಲೈಸೆನ್ಸ್ ಇಲ್ಲದೆ ಹೊರಗೆ ತರೋದು ಅಪರಾಧ. ಯುರೋಪಿಯನ್ ಯೂನಿಯನ್ನಿನ ಬೇರೆ ದೇಶದಿಂದ ತಂದ್ರೂ ಉತ್ಖನನದ ವಸ್ತುವಿಗೆ ಸಾಮಾನ್ಯವಾಗಿ ಎಕ್ಸ್‌ಪೋರ್ಟ್ ಲೈಸೆನ್ಸ್ ಬೇಕು, ಅದನ್ನ ಮಾರೋರೇ ಮಾಡಿಸ್ಕೊಡ್ಬೇಕು, ಅದರ ಕಾಪಿ ನಿಮ್ಮ ಹತ್ರ ಇರ್ಲಿ.

ಊರಿಗೆ, ಅಂದ್ರೆ ಇಂಡಿಯಾಗೆ ತರೋ ಆಸೆ ಇದ್ದೋರಿಗೆ: 1972ರ ನಮ್ಮ ಪುರಾತನ ವಸ್ತುಗಳ ಕಾಯ್ದೇಲಿ ನೂರು ವರ್ಷ ದಾಟಿದ ಶಿಲ್ಪ ಅಂದ್ರೆ ಪುರಾತನ ವಸ್ತು, ಮತ್ತೆ ಅಂಥದ್ದನ್ನ ಖಾಸಗಿಯೋರು ದೇಶದಿಂದ ಹೊರಗೆ ಕಳ್ಸೋ ಹಾಗಿಲ್ಲ. ಹಾಗಾಗಿ ಒಳಗೆ ತಂದ್ರೆ ನಾಳೆ ಲಂಡನ್‌ನಲ್ಲಿ ಮಾರಿ ಬಿಡ್ತೀನಿ ಅನ್ನೋ ಲೆಕ್ಕಾಚಾರ ಇಟ್ಕೋಬೇಡಿ. ತರೋಕ್ಕಿಂತ ಮುಂಚೆ ಕಸ್ಟಮ್ಸ್ ಏಜೆಂಟ್ ಹತ್ರ, ಆಮೇಲೆ ನೋಂದಣಿ ಬಗ್ಗೆ ಪುರಾತತ್ವ ಇಲಾಖೆಯ ಅಧಿಕಾರಿ ಹತ್ರ ಮಾತಾಡಿ, ಬಿಲ್ಲು ಲೈಸೆನ್ಸು ಕೈಲಿಟ್ಕೊಂಡೇ ಹೋಗಿ.

ಮನೇಲಿ ಇಟ್ಕೊಳ್ಳೋದು

ಅಮ್ಮ ಬಂದಿದ್ದಾಗ ಹರ್ಕ್ಲೆಯನ್ನ ಕೈಲಿ ಹಿಡ್ಕೊಂಡು ತಿರುಗಿಸಿ ನೋಡಿ, "ಏನೋ ಇದು, ಇಷ್ಟು ದುಡ್ಡು ಕೊಟ್ಟು ಕಿಲುಬು ಹಿಡಿದಿದ್ದು ತಂದಿದೀಯ, ಕೊಡು, ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಐದು ನಿಮಿಷದಲ್ಲಿ ಫಳಫಳ ಅನ್ಸ್ತೀನಿ" ಅಂದ್ರು. "ಅಮ್ಮಾ, ಬೇಡಮ್ಮಾ, ಆ ಕಿಲುಬಿಗೇ ದುಡ್ಡು" ಅಂತ ಓಡಿ ಹೋಗಿ ಇಸ್ಕೊಂಡೆ. ದೇವರ ಮನೆ ಸಾಮಾನಿಗೆ ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ, ಇದಕ್ಕೆ ಮಾತ್ರ ಹುಣಸೆಹಣ್ಣು, ನಿಂಬೆಹಣ್ಣು, ಪಾಲಿಶ್ ಪುಡಿ, ನೀರು, ಯಾವುದೂ ತಾಗಿಸ್ಬೇಡಿ. ಒಣ ಮೃದು ಬ್ರಷ್ಷಲ್ಲಿ ಧೂಳು ಹೊಡೀರಿ, ಮುಟ್ಟೋವಾಗ ಗ್ಲೌಸ್ ಹಾಕ್ಕೊಳ್ಳಿ, ಬೆವರಲ್ಲಿ ಉಪ್ಪಿರತ್ತೆ.

ಉಪ್ಪೇ ಇದರ ಶತ್ರು. ಮಣ್ಣಲ್ಲಿದ್ದಾಗ ಒಳಗೆ ಸೇರಿಕೊಂಡ ಕ್ಲೋರೈಡ್ ತೇವ ಸಿಕ್ಕಿದ ಕೂಡ್ಲೆ ಎದ್ದು ಕಂಚನ್ನ ತಿನ್ನೋಕೆ ಶುರು ಮಾಡತ್ತೆ, ಇದಕ್ಕೆ ಬ್ರಾನ್ಜ್ ಡಿಸೀಸ್ ಅಂತಾರೆ. ಗಟ್ಟಿ ಕಡು ಹಸಿರು ಆರೋಗ್ಯ, ಎಳೇ ತಿಳಿ ಹಸಿರು ಪುಡಿ ಉದುರಿದ್ರೆ ಕಾಯಿಲೆ. ಅಂಥದ್ದು ಕಂಡ್ರೆ ಬೇರೆ ಗೊಂಬೆಗಳಿಂದ ದೂರ ಇಟ್ಟು ಲೋಹದ ಕೆಲಸ ಗೊತ್ತಿರೋ ಕನ್ಸರ್ವೇಟರ್‌ಗೆ ಕೊಡಿ, ನೀವೇ ಕೆರೆಯೋಕೆ ಹೋಗ್ಬೇಡಿ. ಬರದೇ ಇರೋಕೆ ಗಾಳಿಯಾಡದ ಡಬ್ಬಿ ಅಥವಾ ಗಾಜಿನ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್, ಪಕ್ಕದಲ್ಲಿ ತೇವ ಅಳೆಯೋ ಚಿಕ್ಕ ಮೀಟರ್, ತೇವ ನೂರಕ್ಕೆ 40ರ ಕೆಳಗೇ ಇರ್ಲಿ. ಮಳೆಗಾಲದ ಮಂಗಳೂರಲ್ಲಿ ಇಡೋ ಹಾಗಿದ್ರೆ ಜೆಲ್ಲನ್ನ ಆಗಾಗ ಓವನ್ನಲ್ಲಿ ಬಿಸಿ ಮಾಡಿ ಒಣಗಿಸ್ತಾನೇ ಇರ್ಬೇಕು. ಹಸಿ ಮರದ ಪೆಟ್ಟಿಗೆ ಬೇಡ, ಅದರಿಂದ ಬರೋ ಹುಳಿ ಹಬೆ ಸೀಸಕ್ಕೂ ಕಂಚಿಗೂ ಆಗಲ್ಲ.

ಕಾಗದಗಳನ್ನ ಒಂದು ಫೈಲಲ್ಲಿಟ್ಟು ಸ್ಕ್ಯಾನ್ ಮಾಡಿಸಿ ಬೇರೆ ಕಡೇನೂ ಇಡಿ, ಗೊಂಬೆಯ ನಾಲ್ಕೂ ಕಡೆ ಫೋಟೋ ಸ್ಕೇಲ್ ಇಟ್ಟು ತೆಗೆದು, ತೂಕ ಗ್ರಾಮಲ್ಲಿ ಬರೆದಿಡಿ. ಹರ್ಕ್ಲೆಯ ಈಗಿನ ಮರದ ಸ್ಟ್ಯಾಂಡಿನ ತಳದಲ್ಲಿ ಹಳೇ ಮಾಲೀಕರು ಅಂಟಿಸಿದ ಚೀಟಿ ಒಂದಿದೆ, ಶಾಯಿ ಮಾಸಿ ಕಂದು ಬಣ್ಣ ಆಗಿದೆ, ನಂಬರ್ ಮಾತ್ರ ಓದಕ್ಕಾಗತ್ತೆ. ಸ್ಟ್ಯಾಂಡು ಅಲ್ಲಾಡತ್ತೆ, ಆದ್ರೂ ಬದಲಾಯಿಸಿಲ್ಲ, ಆ ಚೀಟಿ ಕಿತ್ತು ಬಂದ್ರೆ ಗೊಂಬೆಯ ಅರ್ಧ ಬೆಲೆ ಅಲ್ಲೇ ಹೋಯ್ತು.